ಗರ್ಭಿಣಿಯ ವಿದೇಶ ಪ್ರಯಾಣ: ತಿಂಗಳಲ್ಲ, ವಾರಗಳ ಲೆಕ್ಕ

ಅಕ್ಕ ಹೊರದೇಶದಲ್ಲಿದ್ದಾಳೆ, ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕು. ಅಥವಾ ಅತ್ತಿಗೆ ಇಲ್ಲಿದ್ದಾರೆ, ಹೆರಿಗೆಗೆ ಮುಂಚೆ ಅಣ್ಣನಿರುವ ದೇಶಕ್ಕೆ ಹೋಗಿ ಸೇರಬೇಕು. ಇಂದು ನಮ್ಮ ನಾಡಿನ ಹಲವು ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಒಡನೆಯೇ ಹಿರಿಯರನ್ನು ಒಂದು ಆತಂಕ ಕಾಡುತ್ತದೆ: “ಅಷ್ಟು ಎತ್ತರಕ್ಕೆ ಹಾರಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗುವುದಿಲ್ಲವೇ?” ಆರೋಗ್ಯವಂತ ಗರ್ಭಿಣಿಯ ಮಟ್ಟಿಗೆ ಎತ್ತರ ದೊಡ್ಡ ತೊಂದರೆಯಲ್ಲ. ವೈದ್ಯರು ಮುಖ್ಯವಾಗಿ ಕೇಳುವ ಪ್ರಶ್ನೆ ಬೇರೆಯೇ ಇದೆ. ನಡುದಾರಿಯಲ್ಲಿ ತೊಂದರೆಯಾದರೆ ನೆರವು ಎಷ್ಟು ದೂರದಲ್ಲಿದೆ? ಟಿಕೆಟ್ ಕಾದಿರಿಸುವ, ಅರ್ಜಿ ತುಂಬುವ ಕೆಲಸ ಮನೆಯಲ್ಲಿ ಬಹುಮಟ್ಟಿಗೆ ವಿದ್ಯಾರ್ಥಿಗಳಾದ ನಿಮ್ಮ ಪಾಲಿಗೇ ಬರುವುದರಿಂದ, ಈ ವಿಷಯವನ್ನು ನೀವು ತಿಳಿದಿರುವುದು ಒಳ್ಳೆಯದು.

ವಿಮಾನದೊಳಗಿನ ಗಾಳಿ

ದೂರ ಪ್ರಯಾಣದ ವಿಮಾನಗಳು ಸುಮಾರು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತವೆ. ಅಲ್ಲಿನ ಹೊರಗಾಳಿ ಉಸಿರಾಡಲು ಸಾಲದು. ಆದ್ದರಿಂದ ವಿಮಾನದೊಳಗೆ ಗಾಳಿಯ ಒತ್ತಡವನ್ನು ಕೃತಕವಾಗಿ ಹೆಚ್ಚಿಸಿರುತ್ತಾರೆ. ಆದರೂ ಅದು ನೆಲದ ಮಟ್ಟದ ಒತ್ತಡವಲ್ಲ. ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅಂದರೆ ವಿಮಾನದಲ್ಲಿ ಕುಳಿತವರು ಹೆಚ್ಚು ಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಕುಳಿತಂತೆ ಉಸಿರಾಡುತ್ತಾರೆ.

ಅಲ್ಲಿ ತಾಯಿಯ ರಕ್ತದಲ್ಲಿ ಆಮ್ಲಜನಕ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಮಗುವಿಗೆ ಮಾತ್ರ ಪ್ರಕೃತಿ ಒಂದು ವಿಶೇಷ ಏರ್ಪಾಡು ಮಾಡಿದೆ. ಜೀವಶಾಸ್ತ್ರದಲ್ಲಿ ನೀವು ಹೀಮೋಗ್ಲೋಬಿನ್ ಬಗ್ಗೆ ಓದಿದ್ದೀರಿ. ದೊಡ್ಡವರ ಹೀಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿರುತ್ತವೆ. ಭ್ರೂಣದಲ್ಲಿ ಬೀಟಾ ಸರಪಳಿಗಳ ಜಾಗದಲ್ಲಿ ಗಾಮಾ ಸರಪಳಿಗಳಿರುತ್ತವೆ. ಈ ಬಗೆಯ ಹೀಮೋಗ್ಲೋಬಿನ್ ಕಡಿಮೆ ಒತ್ತಡದಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಾಯಿಯ ಅಪಧಮನಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 100 ಮಿಲಿಮೀಟರ್ ಪಾದರಸದಷ್ಟಿದ್ದರೆ, ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹರಿಯುವ ರಕ್ತದಲ್ಲಿ ಅದು 30ರ ಆಸುಪಾಸು ಮಾತ್ರ. ನೆಲದ ಮೇಲಿದ್ದಾಗಲೂ ಮಗು ಬದುಕುವುದು ಅಷ್ಟರಲ್ಲೇ. ಹೀಗಾಗಿ ವಿಮಾನದೊಳಗಿನ ಅಲ್ಪ ವ್ಯತ್ಯಾಸ ಅದನ್ನು ಅಷ್ಟಾಗಿ ತಟ್ಟುವುದಿಲ್ಲ.

ಆದರೆ ಈ ಭರವಸೆ ತಾಯಿಯ ರಕ್ತ ಚೆನ್ನಾಗಿದ್ದರೆ ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಶೇ. 52ರಷ್ಟು ಗರ್ಭಿಣಿಯರಿಗೆ ರಕ್ತಹೀನತೆ ಇದೆ. ತೀವ್ರ ರಕ್ತಹೀನತೆ ಇದ್ದವರು ಅದನ್ನು ಸರಿಪಡಿಸಿಕೊಳ್ಳದೆ ವಿಮಾನ ಹತ್ತಬಾರದು. ಟಿಕೆಟ್ಟಿಗೆ ಮೊದಲು ರಕ್ತಪರೀಕ್ಷೆ ಎನ್ನುವುದು ಇದೇ ಕಾರಣಕ್ಕೆ.

ಕುಳಿತೇ ಇರುವ ಕಾಲುಗಳು

ಹೆರಿಗೆಯ ಹೊತ್ತಿನ ರಕ್ತಸ್ರಾವವನ್ನು ತಡೆಯಲು ಗರ್ಭಿಣಿಯ ದೇಹ ಮೊದಲೇ ಸಿದ್ಧವಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಅವಳಲ್ಲಿ ಹೆಚ್ಚುತ್ತವೆ. ಬೆಳೆದ ಗರ್ಭಕೋಶ ಕಾಲಿನಿಂದ ಹೃದಯಕ್ಕೆ ಹೋಗುವ ಅಭಿಧಮನಿಗಳನ್ನು ಒತ್ತುತ್ತದೆ. ಇದರ ಜೊತೆಗೆ ಗಂಟೆಗಟ್ಟಲೆ ಅಲುಗಾಡದೆ ಕುಳಿತರೆ ಮೀನಖಂಡದ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. ಇದು ಅಪರೂಪ, ಆದರೆ ನಾಲ್ಕು ಗಂಟೆಗೂ ಮೀರಿದ ಪ್ರಯಾಣದಲ್ಲಿ ಎಚ್ಚರ ಬೇಕು.

ಉಪಾಯ ಸುಲಭ. ಆಗಾಗ ಎದ್ದು ನಡೆಯಬೇಕು, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು. ವೈದ್ಯರು ಹೇಳಿದರೆ ಕಾಲನ್ನು ಬಿಗಿಯಾಗಿ ಹಿಡಿಯುವ ವಿಶೇಷ ಕಾಲುಚೀಲ ಧರಿಸಬೇಕು. ಓಡಾಡುವ ದಾರಿಯ ಪಕ್ಕದ ಆಸನವನ್ನೇ ಕೇಳಿ ಪಡೆಯುವುದು ಜಾಣತನ. ಆಸನದ ಪಟ್ಟಿಯನ್ನು ಹೊಟ್ಟೆಯ ಮೇಲೆ ಹಾಯಿಸದೆ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗಳ ಮೇಲೆ ಬರುವಂತೆ ಕಟ್ಟಿಕೊಳ್ಳಬೇಕು.

28, 32 ಮತ್ತು 36

ವೈದ್ಯರು ಗರ್ಭದ ವಯಸ್ಸನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರಗಳಲ್ಲಿ ಎಣಿಸುತ್ತಾರೆ. ಒಟ್ಟು 40 ವಾರ. ಬಹುತೇಕ ವಿಮಾನಯಾನ ಸಂಸ್ಥೆಗಳು 28 ವಾರಗಳ ನಂತರ ವೈದ್ಯರ ಪ್ರಮಾಣಪತ್ರ ಕೇಳುತ್ತವೆ. 36 ವಾರ ಮೀರಿದರೆ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಅವಳಿ ಮಕ್ಕಳಿದ್ದರೆ ಹಲವು ಸಂಸ್ಥೆಗಳ ಮಿತಿ 32 ವಾರ. ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದರಿಂದ ಮೊದಲೇ ವಿಚಾರಿಸಬೇಕು. ಹಿಂತಿರುಗಿ ಬರುವ ದಿನಕ್ಕೆ ಎಷ್ಟನೆಯ ವಾರವಾಗುತ್ತದೆ ಎಂಬುದನ್ನೂ ಎಣಿಸಬೇಕು.

ಈ ಮಿತಿ ಏಕೆ? 37 ವಾರಕ್ಕೆ ದಿನ ತುಂಬುತ್ತಾ ಬರುತ್ತದೆ, ನೋವು ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ಬಾರಿ ನೇರವಾಗಿ ಬಂದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು ಸುಮಾರು 17 ಗಂಟೆ ಹಾರಿತ್ತು. ಅಂಥ ಹಾದಿಯಲ್ಲಿ ರಕ್ತಸ್ರಾವವಾದರೆ ಇಳಿಯಲು ವಿಮಾನ ನಿಲ್ದಾಣವೇ ಗಂಟೆಗಳ ದೂರದಲ್ಲಿರುತ್ತದೆ. ಶಸ್ತ್ರಕ್ರಿಯೆಯ ಕೋಣೆ ಇನ್ನೂ ದೂರ.

ಇಲ್ಲಿಯೇ ನಮ್ಮ ಪದ್ಧತಿಗೂ ಈ ಲೆಕ್ಕಕ್ಕೂ ತಾಳೆ ತಪ್ಪುವುದು. ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ರೂಢಿ. ಏಳನೆಯ ತಿಂಗಳೆಂದರೆ ಹೆಚ್ಚು ಕಡಿಮೆ 27ರಿಂದ 30ನೆಯ ವಾರ. ಒಂಬತ್ತನೆಯ ತಿಂಗಳು ಕಾಲಿಡುವಾಗ 35 ವಾರ ತುಂಬಿರುತ್ತದೆ. ಒಂಬತ್ತರ ಸೀಮಂತದ ಮೇಲೆ ಬಸ್ಸಿನಲ್ಲಿ ಪಕ್ಕದ ಊರಿಗೆ ಬರುವುದು ಬೇರೆ, ಸಾಗರ ದಾಟುವುದು ಬೇರೆ. ಪ್ರಯಾಣಕ್ಕೆ 14ರಿಂದ 28ನೆಯ ವಾರ ಅತ್ಯಂತ ಅನುಕೂಲ. ವಾಂತಿ, ಸುಸ್ತು ಅಷ್ಟರಲ್ಲಿ ಇಳಿದಿರುತ್ತವೆ, ಹೊಟ್ಟೆಯ ಭಾರ ಇನ್ನೂ ಏರಿರುವುದಿಲ್ಲ. ಬೇಕಾದರೆ ಬಂದ ಮೇಲೆ ನಿಶ್ಚಿಂತೆಯಿಂದ ಸೀಮಂತ ಮಾಡಬಹುದು.

ತಲಪುವ ಊರಿನ ಸೊಳ್ಳೆ, ನೀರು

ಎಷ್ಟೋ ಸಲ ವಿಮಾನಕ್ಕಿಂತ ತಲಪುವ ಊರೇ ಹೆಚ್ಚು ಅಪಾಯಕರ. ಮಲೇರಿಯಾದ ಒಂದು ಬಗೆಯ ಪರೋಪಜೀವಿ ಜರಾಯುವಿನಲ್ಲಿ, ಅಂದರೆ ಮಾಸಿನಲ್ಲಿ, ಅಂಟಿಕೊಂಡು ಮಗುವಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಝೀಕಾ ವೈರಸ್ ತಾಯಿಗೆ ಸಣ್ಣ ಜ್ವರವಾಗಿ ಬಂದು ಹೋದರೂ ಮಗುವಿನ ಮಿದುಳಿಗೆ ಹಾನಿ ಮಾಡಬಲ್ಲದು. ಬ್ರೆಜಿಲ್‌ನಲ್ಲಿ ಸಣ್ಣ ತಲೆಯ ಶಿಶುಗಳ ಜನನ ಹೆಚ್ಚಿದಾಗ ವಿಶ್ವ ಆರೋಗ್ಯ ಸಂಸ್ಥೆ 2016ರ ಫೆಬ್ರವರಿ 1ರಂದು ಅಂತರರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿತು. ನಮ್ಮ ರಾಯಚೂರು ಜಿಲ್ಲೆಯಲ್ಲೂ 2022ರ ಡಿಸೆಂಬರ್‌ನಲ್ಲಿ ಝೀಕಾ ಪತ್ತೆಯಾಗಿತ್ತು. ಹೊರದೇಶದಿಂದ ಇಲ್ಲಿಗೆ ಬರುವವರು ಕುಡಿಯುವ ನೀರಿನ ಬಗ್ಗೆಯೂ ಎಚ್ಚರವಹಿಸಬೇಕು. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್-ಇ ಕಾಮಾಲೆ ಉಳಿದವರಲ್ಲಿ ಬಹುಮಟ್ಟಿಗೆ ತಾನೇ ವಾಸಿಯಾಗುತ್ತದೆ, ಆದರೆ ಕೊನೆಯ ತಿಂಗಳುಗಳಲ್ಲಿರುವ ಗರ್ಭಿಣಿಗೆ ಮಾರಕವಾಗಬಹುದು.

ಲಸಿಕೆಯ ವಿಷಯವೂ ಇದೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೋಗುವಾಗ ಹಳದಿ ಜ್ವರದ ಲಸಿಕೆ ಬೇಕು. ಅದು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ. ಇಂಥವನ್ನು ಸಾಮಾನ್ಯವಾಗಿ ಗರ್ಭಿಣಿಯರಿಗೆ ಹಾಕುವುದಿಲ್ಲ. ಆ ದೇಶಗಳ ಪ್ರಯಾಣವನ್ನು ಮುಂದೂಡುವುದೇ ಮೇಲು. ಹೋಗಲೇಬೇಕಾದರೆ ವೈದ್ಯರ ತೀರ್ಮಾನವೇ ಅಂತಿಮ. ಮಲೇರಿಯಾ ತಡೆಯುವ ಮಾತ್ರೆಗಳಲ್ಲೂ ಕೆಲವು ಗರ್ಭಕ್ಕೆ ಹೊಂದುವುದಿಲ್ಲ. ಅಂಗಡಿಯಿಂದ ತಾವಾಗಿಯೇ ಕೊಂಡು ನುಂಗಬಾರದು.

ಕಾಗದಪತ್ರಗಳು

ವಿಮಾನದಲ್ಲೇ ಮಗು ಹುಟ್ಟಿದರೆ ಅದು ಯಾವ ದೇಶದಲ್ಲಿ ಹುಟ್ಟಿದಂತೆ? ನಮ್ಮ 1955ರ ಪೌರತ್ವ ಕಾಯಿದೆಯ ಪ್ರಕಾರ, ವಿಮಾನ ಎಲ್ಲಿ ನೋಂದಣಿಯಾಗಿದೆಯೋ ಅಲ್ಲಿ. ಭಾರತೀಯ ತಂದೆತಾಯಿಗಳಿಗೆ ಹೊರದೇಶದಲ್ಲಿ ಮಗು ಹುಟ್ಟಿದರೆ, ಭಾರತದ ಪೌರತ್ವಕ್ಕಾಗಿ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಜನನವನ್ನು ನೋಂದಾಯಿಸಬೇಕು. ಪ್ರಯಾಣ ವಿಮೆಯ ಹಲವು ಪಾಲಿಸಿಗಳು ಹೆರಿಗೆಯ ಖರ್ಚನ್ನೂ ದಿನ ತುಂಬದೆ ಹುಟ್ಟಿದ ಶಿಶುವಿನ ಚಿಕಿತ್ಸೆಯನ್ನೂ ಭರಿಸುವುದಿಲ್ಲ. ಸಣ್ಣ ಅಕ್ಷರದ ಷರತ್ತುಗಳನ್ನು ಓದಿ ಹೇಳುವ ಕೆಲಸವನ್ನು ನೀವೇ ವಹಿಸಿಕೊಳ್ಳಿ.

ಗರ್ಭಿಣಿ ತನ್ನ ತಪಾಸಣೆಯ ದಾಖಲೆ, ರಕ್ತದ ಗುಂಪು, ವೈದ್ಯರ ಪತ್ರ, ಔಷಧಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ರಕ್ತಸ್ರಾವ, ನೀರು ಹೋಗುವುದು, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾಗುವುದು, ಒಂದೇ ಕಾಲಿನ ಊತ, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಪ್ರಯಾಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಮನೆಯಲ್ಲಿ ಮುಹೂರ್ತ ನೋಡುವ ಮೊದಲು ಮೂರು ಪ್ರಶ್ನೆ ಕೇಳಿರಿ. ಹೊರಡುವ ದಿನ ಎಷ್ಟನೆಯ ವಾರ? ತಲಪುವಲ್ಲಿ ಯಾವ ರೋಗ, ಯಾವ ಆಸ್ಪತ್ರೆ? ರಕ್ತ ಮತ್ತು ರಕ್ತದೊತ್ತಡ ಹೇಗಿವೆ? ಇವುಗಳಿಗೆ ಸರಿಯಾದ ಉತ್ತರ ದೊರೆತರೆ ಅಕ್ಕ ನಿರ್ಭಯವಾಗಿ ವಿಮಾನ ಹತ್ತಬಹುದು. ದೊರೆಯದಿದ್ದರೆ ಅಮ್ಮನೇ ಅಲ್ಲಿಗೆ ಹೋಗಿ ಬಾಣಂತನ ಮಾಡಲಿ. ತವರು ಇದ್ದಲ್ಲಿಗೆ ಮಗಳು ಬರಲಾಗದಿದ್ದರೆ, ಮಗಳಿದ್ದಲ್ಲಿಗೆ ತವರು ಹೋಗುವುದರಲ್ಲಿ ತಪ್ಪೇನೂ ಇಲ್ಲ.