ಕಂಪ್ಯೂಟರಿಗೂ ಒಂದು ಮಿತಿ ಇದೆ

"ಅಮ್ಮೀ, ಕಂಪ್ಯೂಟರ್ ಕೆಟ್ಟಿಲ್ಲ. ನಾನೇ ಸ್ವಲ್ಪ ಸ್ಪೀಡ್ ಹೆಚ್ಚಿಸಿದ್ದೇನೆ."

ಮಗ ತಲೆ ತಗ್ಗಿಸಿ ಹೀಗೆಂದಾಗ ರಾತ್ರಿ ಹನ್ನೊಂದು ದಾಟಿತ್ತು. ಮಾಸೂರಿನ ನಮ್ಮ ಮನೆಯ ಪಡಸಾಲೆಯಲ್ಲೇ ನನ್ನ ಡಿ.ಟಿ.ಪಿ. ಕೆಲಸ. ನಿಕಾಹ್ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಮಹಿಳಾ ಸಂಘದ ಲೆಕ್ಕ ಎಲ್ಲವೂ ಅದೊಂದೇ ಹಳೆಯ ಡೆಸ್ಕ್‌ಟಾಪ್‌ನಲ್ಲಿ. ಓಣಿಯ ಹುಡುಗಿಯೊಬ್ಬಳ ನಿಕಾಹ್ ಕಾರ್ಡಿನ ಫೈಲು ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕಿತ್ತು. ಅಂದು ರಾತ್ರಿ ಅದು ತೆರೆಯಲೇ ಇಲ್ಲ. 'ಫೈಲ್ ಹಾಳಾಗಿದೆ' ಎಂಬ ಸಂದೇಶ ಮಾತ್ರ ಬಂತು. ಫಜ್ರ್‌ವರೆಗೆ ಕುಳಿತು ಮೊದಲಿನಿಂದ ಟೈಪ್ ಮಾಡಿ ಮುಗಿಸಿದೆ.

ಅದಕ್ಕೂ ಮೊದಲು ಮೂರು ವಾರಗಳಿಂದ ಕಂಪ್ಯೂಟರ್ ನಡುನಡುವೆ ಸ್ತಬ್ಧವಾಗುತ್ತಿತ್ತು. ರಿಪೇರಿಯವನು 'ರ‍್ಯಾಮ್ ಹೋಗಿದೆ' ಎಂದ, ಹೊಸದು ಹಾಕಿಸಿದೆ. ಸರಿಯಾಗಲಿಲ್ಲ. 'ಹಾಗಾದರೆ ಮದರ್‌ಬೋರ್ಡ್' ಎಂದ. ನಾನೇನು ಬಲ್ಲೆ? ಹಣ ಹೊಂದಿಸುತ್ತಿದ್ದೆ. ಮಗ ಅಂದು ಬಾಯಿ ಬಿಡದಿದ್ದರೆ ಅದೂ ದಂಡವಾಗುತ್ತಿತ್ತು.

ಅವನು ಮಾಡಿದ್ದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಒಂದು ತಾಳಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ನಮ್ಮದು 2011ರಲ್ಲಿ ಬಂದ ಇಂಟೆಲ್ ಕೋರ್ ಐ5-2500ಕೆ. ಅದರ ಮೂಲ ವೇಗ 3.3 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 330 ಕೋಟಿ ತಾಳ. ಅಗತ್ಯ ಬಿದ್ದಾಗ ತಾನಾಗಿಯೇ 3.7ರವರೆಗೆ ಏರುತ್ತದೆ. ಬೋರ್ಡಿನಿಂದ ಬರುವ 100 ಮೆಗಾಹರ್ಟ್ಸ್ ತಾಳವನ್ನು 33ರಿಂದ ಗುಣಿಸಿದರೆ 3.3. ಹೆಸರಿನ ಕೊನೆಯ 'ಕೆ' ಅಕ್ಷರದ ಅರ್ಥ, ಈ ಗುಣಕವನ್ನು ನಾವೇ ಬದಲಿಸಬಹುದು ಎಂದು. ಮಗ ಅದನ್ನು 46 ಮಾಡಿದ್ದ. ಆಟ ಸಲೀಸಾಗಿ ನಡೆಯಿತು, ಅವನಿಗೆ ಖುಷಿಯಾಯಿತು.

'ಅಷ್ಟು ಓಡುವ ಶಕ್ತಿ ಇದ್ದರೆ ಕಂಪೆನಿಯವರೇ ಏಕೆ ಕೊಡಲಿಲ್ಲ?' ಎಂದು ಕೇಳಿದೆ. ಒಂದೇ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೂ ಒಂದೇ ತೆರನಾಗಿರುವುದಿಲ್ಲ. ಒಂದು ಗಟ್ಟಿ, ಇನ್ನೊಂದು ಸ್ವಲ್ಪ ಸೋತದ್ದು. ಎಲ್ಲವೂ ಬೇಸಿಗೆಯಲ್ಲೂ ವರ್ಷಗಟ್ಟಲೆ ತಪ್ಪಿಲ್ಲದೆ ನಡೆಯುವಷ್ಟು ವೇಗವನ್ನಷ್ಟೇ ಕಂಪೆನಿ ಬರೆಯುತ್ತದೆ. ಉಳಿದ ಅಂತರವೇ ಹುಡುಗರ ಆಟದ ಮೈದಾನ. 1998ರ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ 300 ಮೆಗಾಹರ್ಟ್ಸ್‌ನದು. ಅದನ್ನು 450ಕ್ಕೆ ಓಡಿಸಿದವರು ಜಗತ್ತಿನಲ್ಲೆಲ್ಲ ಇದ್ದರು.

ಆದರೆ ಕಂಪೆನಿಯೇ ಈ ಅಂತರವನ್ನು ನುಂಗಿದಾಗ ಏನಾಯಿತು? 2000ದ ಜುಲೈ ಕೊನೆಗೆ ಇಂಟೆಲ್ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ಬಿಡುಗಡೆ ಮಾಡಿತು. ಲಿನಕ್ಸ್‌ನ ತಿರುಳನ್ನು ಕಂಪೈಲ್ ಮಾಡುವಂಥ ಭಾರದ ಕೆಲಸದಲ್ಲಿ ಅದು ಎಡವಿತು. ಒಂದೇ ತಿಂಗಳಲ್ಲಿ ಮಾರಿದ್ದನ್ನೆಲ್ಲ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ನಮ್ಮ ಮನೆಯ ಕತೆಯೂ ಅದೇ. ಆಟಕ್ಕೆ ಸರಿ, ನನ್ನ ಕೋರಲ್‌ಡ್ರಾದ ದೊಡ್ಡ ಫೈಲಿಗೆ ಮಾತ್ರ ಕೈಕೊಡುತ್ತಿತ್ತು.

ಮರುದಿನ ಬೈಯುವುದನ್ನು ಬಿಟ್ಟು ಅವನ ಪಕ್ಕ ಕುಳಿತೆ. ಮೊದಲು ಎಲ್ಲವನ್ನೂ ಕಂಪೆನಿಯ ಮೂಲ ಸ್ಥಿತಿಗೆ ತಂದೆವು. ಸೆಟ್ಟಿಂಗ್ ಪರದೆಯೂ ಬಾರದಷ್ಟು ಕೆಟ್ಟಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಸಾಮಾನ್ಯವಾಗಿ ಅದು ತಾನೇ ಮರೆಯುತ್ತದಂತೆ. ಮೂಲ ವೇಗದಲ್ಲೂ ತೊಂದರೆ ಬಂದರೆ ದೋಷ ಓವರ್‌ಕ್ಲಾಕಿಂಗ್‌ನದ್ದಲ್ಲ ಎಂದು ತಿಳಿಯಬೇಕು. ಎರಡು ದಿನ ನೋಡಿದೆವು, ಒಮ್ಮೆಯೂ ನಿಲ್ಲಲಿಲ್ಲ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆವು. ನಾನು ಬದಲಿಸಿ ಎತ್ತಿಟ್ಟಿದ್ದ ಹಳೆಯ ರ‍್ಯಾಮ್ ಕೂಡ ಒಂದೂ ತಪ್ಪು ತೋರಿಸಲಿಲ್ಲ! ಕೊಟ್ಟ ಹಣ ನೆನೆದು ಹೊಟ್ಟೆ ಉರಿಯಿತು.

ಆಮೇಲೆ ಶಾಖದ ಸರದಿ. ಕ್ಯಾಬಿನೆಟ್ ಬಿಚ್ಚಿದರೆ ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಕುಳಿತಿತ್ತು. ಪ್ರೊಸೆಸರ್ ಮೇಲಿನ ಬಿಳಿ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ಏಪ್ರಿಲ್ ಮಧ್ಯಾಹ್ನ ನಮ್ಮ ತಗಡಿನ ಚಾವಣಿಯ ಕೆಳಗೆ ಮನುಷ್ಯರಿಗೇ ಕೂರಲಾಗದು. ಫ್ಯಾನ್ ಆ ಬಿಸಿ ಗಾಳಿಯನ್ನೇ ತಾನೆ ಬೀಸುವುದು? ವೇಗ ಹೆಚ್ಚಾದಾಗ ಚಿಪ್ಪಿಗೆ ವೋಲ್ಟೇಜ್ ಕೂಡ ಹೆಚ್ಚು ಬೇಕು, ಮಗ 1.2 ಇದ್ದದ್ದನ್ನು 1.35 ಮಾಡಿದ್ದ. ಶಾಖ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು. ಲೆಕ್ಕ ಹಾಕಿದೆವು: 3.7ರಿಂದ 4.6ಕ್ಕೆ ವೇಗ ಹೆಚ್ಚಿದ್ದು ಸುಮಾರು ಕಾಲು ಭಾಗ, ಶಾಖ ಹೆಚ್ಚಿದ್ದು ಒಂದೂವರೆ ಪಟ್ಟಿಗೂ ಮಿಗಿಲು. ಗಣಿತ ಎಂದರೆ ಓಡುವ ಹುಡುಗ ಆ ಸಂಜೆ ತಾನಾಗಿ ಪೆನ್ಸಿಲ್ ಹಿಡಿದಿದ್ದ.

ನೂರು ಡಿಗ್ರಿ ಸಮೀಪಿಸಿದರೆ ಪ್ರೊಸೆಸರ್ ತಾನೇ ನಿಧಾನವಾಗುತ್ತದೆ, ಇನ್ನೂ ಏರಿದರೆ ಆಫ್ ಆಗುತ್ತದೆ. ತಾಪಮಾನ ತೋರಿಸುವ ಪುಟ್ಟ ತಂತ್ರಾಂಶದಲ್ಲಿ ಇದನ್ನು ಕಾಣಬಹುದು. ತಣ್ಣಗಿರುವಾಗಲೂ ನೀಲಿ ಪರದೆ ಬಂದರೆ ಆ ವೇಗಕ್ಕೆ ವೋಲ್ಟೇಜ್ ಸಾಲುತ್ತಿಲ್ಲ ಎಂದು ಮೊದಲು ಸಂಶಯಪಡಬೇಕು. ಭಾರ ಬಿದ್ದೊಡನೆ ದೀಪ ಆರಿದಂತೆ ಎಲ್ಲವೂ ಆಫ್ ಆದರೆ ಪವರ್ ಸಪ್ಲೈ ಕಡೆಯೂ ನೋಡಬೇಕು. ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಸದ್ದಿಲ್ಲದ ತಪ್ಪು. ಯಂತ್ರ ನಡೆಯುತ್ತಲೇ ಇರುತ್ತದೆ, ಒಳಗೆ ಮಾತ್ರ ಎಲ್ಲೋ ಒಂದು ಲೆಕ್ಕ ತಪ್ಪಿ ಅದೇ ಡಿಸ್ಕಿಗೆ ಹೋಗಿ ಕೂರುತ್ತದೆ. ನಿಕಾಹ್ ಕಾರ್ಡಿನ ಫೈಲು ಹಾಳಾದದ್ದು ಹೀಗೇ ಇರಬೇಕು. ಸಂಘದ ಹೆಂಗಸರ ಉಳಿತಾಯದ ಲೆಕ್ಕವೂ ಅದೇ ಡಿಸ್ಕಿನಲ್ಲಿತ್ತು. ಅಂದೇ ಅದನ್ನು ಪೆನ್ ಡ್ರೈವಿಗೆ ಇಳಿಸಿ, ಪುಸ್ತಕದೊಂದಿಗೆ ಸಾಲುಸಾಲಾಗಿ ತಾಳೆ ನೋಡಿದೆ. ಅಲ್‌ಹಮ್ದುಲಿಲ್ಲಾಹ್, ಸರಿಯಿತ್ತು.

ವೋಲ್ಟೇಜ್ ಏರಿಸಿ ಗೆಲ್ಲಬಹುದಲ್ಲ ಎಂಬುದು ಮಗನ ವಾದ. ಗೆಲ್ಲಬಹುದು, ಸ್ವಲ್ಪ ದಿನ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರ್‌ಗಳು ಮೇಲಿಂದ ಮೇಲೆ ಕೈಕೊಟ್ಟವು. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಚಿಪ್ಪು ಸವೆಯುತ್ತಿದೆ ಎಂದು ಕಂಪೆನಿಯೇ ಹೇಳಿ, ತಿದ್ದುಪಡಿ ಹೊರತಂದು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಸವೆದ ಚಿಪ್ಪನ್ನು ತಿದ್ದುಪಡಿ ಮೊದಲಿನಂತೆ ಮಾಡಲಾರದು. ನಮ್ಮದಕ್ಕೆ ವಾರಂಟಿ ಮುಗಿದು ಎಷ್ಟೋ ವರ್ಷಗಳಾಗಿವೆ.

ಧೂಳು ಕೊಡವಿ, ಹೊಸ ಪೇಸ್ಟ್ ಹಚ್ಚಿ, ಗುಣಕವನ್ನು ಒಂದೊಂದಾಗಿ ಏರಿಸುತ್ತ ಹೋದೆವು. ಒಮ್ಮೆಗೆ ಒಂದನ್ನೇ ಬದಲಿಸುವುದು, ಪ್ರತಿ ಸಲ ಪ್ರೈಮ್95 ಎಂಬ ಪರೀಕ್ಷೆಯನ್ನು ಗಂಟೆಗಟ್ಟಲೆ ಓಡಿಸುವುದು, ಅದೂ ತಂಪಾದ ರಾತ್ರಿಯಲ್ಲಲ್ಲ, ಮಧ್ಯಾಹ್ನ ಎರಡಕ್ಕೆ. 44ರಲ್ಲಿ ತಪ್ಪು ತೋರಿಸಿತು. 43ರಲ್ಲಿ ನಿಂತಿತು. ಮಗ 42ಕ್ಕೆ ಇಳಿಸಿ, ವೋಲ್ಟೇಜನ್ನೂ ತಗ್ಗಿಸಿ ಮತ್ತೆ ಪರೀಕ್ಷಿಸಿದ.

"43 ನಿಂತಿತಲ್ಲ, ಏಕೆ ಇಳಿಸಿದೆ?" ಎಂದೆ.

"ಮೇ ತಿಂಗಳು ಇನ್ನೂ ಬಾಕಿ ಇದೆ ಅಮ್ಮೀ."

ಅವನ ಆಟದ ಹೊತ್ತಿಗೆ 42, ನನ್ನ ಕೆಲಸದ ಹೊತ್ತಿಗೆ ಕಂಪೆನಿ ಕೊಟ್ಟ ವೇಗ ಎಂದು ಒಪ್ಪಂದವಾಗಿದೆ. ಉಳಿದ ಹಳೆಯ ರ‍್ಯಾಮ್ ಕಪಾಟಿನಲ್ಲಿದೆ. ಖಾಲಿ ಜಾಗವಿದ್ದರೆ ಅದನ್ನೂ ಹಾಕಿಬಿಡೋಣವೇ ಎಂದು ಅವನು ನಿನ್ನೆಯಿಂದ ಕೇಳುತ್ತಿದ್ದಾನೆ.