ಹೆಗಲ ಮೇಲಿನ ಕೊನೆಯ ಪಟ್ಟಿ

ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ 1971ರ ಯುದ್ಧದ ನೆನಪಿಗೆ ಕಟ್ಟಿದ ‘ವಿಕ್ಟರಿ ಅಟ್ ಸೀ’ ಸ್ಮಾರಕವಿದೆ. ಆ ಯುದ್ಧದಲ್ಲಿ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದವರು ವೈಸ್ ಅಡ್ಮಿರಲ್ ನೀಲಕಂಠ ಕೃಷ್ಣನ್. ವಿಕ್ರಾಂತ್ ಹಡಗನ್ನು ಸದ್ದಿಲ್ಲದೆ ಅಂಡಮಾನಿನ ಕಡೆ ಕಳಿಸಿ, ಅದು ವಿಶಾಖಪಟ್ಟಣದ ಆಸುಪಾಸಿನಲ್ಲೇ ಇದೆಯೆಂದು ಪಾಕಿಸ್ತಾನ ನಂಬುವಂತೆ ಮಾಡಿದ್ದು ಅವರ ಯೋಜನೆ. ವಿಕ್ರಾಂತನ್ನು ಹುಡುಕಿಕೊಂಡು ಬಂದ ಘಾಜಿ ಜಲಾಂತರ್ಗಾಮಿ ಡಿಸೆಂಬರ್ 3ರ ರಾತ್ರಿ ಕಳೆಯುವುದರೊಳಗೆ ಇದೇ ಬಂದರಿನಾಚೆ ಮುಳುಗಿತು. ಕೃಷ್ಣನ್ ಅವರಿಗೆ ಪದ್ಮಭೂಷಣ ಬಂತು. ನೌಕಾಪಡೆಯ ಮುಖ್ಯಸ್ಥರ ಹುದ್ದೆ ಮಾತ್ರ ಬರಲಿಲ್ಲ. ವೈಸ್ ಅಡ್ಮಿರಲ್ ಆಗಿಯೇ ನಿವೃತ್ತರಾದರು.

ಪಡೆಯ ಮುಖ್ಯಸ್ಥರೊಬ್ಬರೇ ಅಡ್ಮಿರಲ್. ಆ ಕುರ್ಚಿ ಖಾಲಿಯಾಗುವ ದಿನಕ್ಕೂ ತನ್ನ ಹುಟ್ಟಿದ ದಿನಾಂಕಕ್ಕೂ ಹೊಂದಿಕೆಯಾಗದಿದ್ದರೆ ಎಂಥ ಯುದ್ಧ ಗೆದ್ದವನೂ ಒಂದು ಮೆಟ್ಟಿಲು ಕೆಳಗೇ ನಿಲ್ಲಬೇಕು. ಅಧಿಕಾರಿಯೊಬ್ಬ ಯಾವ ರ‍್ಯಾಂಕಿನಲ್ಲಿ ನಿವೃತ್ತನಾಗುತ್ತಾನೆ ಎಂಬುದನ್ನು ಅವನ ಯೋಗ್ಯತೆಯೊಂದೇ ತೀರ್ಮಾನಿಸುತ್ತದೆ ಎಂದುಕೊಂಡವರು ಈ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲ ಕೆಲವು ಮೆಟ್ಟಿಲು ಸರ್ವಿಸ್ ಲೆಕ್ಕದ ಮೇಲೆ, ಅಂದರೆ ‘ಟೈಮ್ ಸ್ಕೇಲ್’ನಲ್ಲಿ ಸಿಗುತ್ತವೆ. ಅಜಯ್ ವಿಕ್ರಮ್ ಸಿಂಗ್ ಸಮಿತಿಯ ಶಿಫಾರಸು 2004ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮೇಲೆ ನೌಕಾಪಡೆಯಲ್ಲಿ 2 ವರ್ಷಕ್ಕೆ ಲೆಫ್ಟಿನೆಂಟ್, 6 ವರ್ಷಕ್ಕೆ ಲೆಫ್ಟಿನೆಂಟ್ ಕಮಾಂಡರ್, 13 ವರ್ಷಕ್ಕೆ ಕಮಾಂಡರ್. ಭೂಸೇನೆಯಲ್ಲಿ ಇವೇ ಕ್ಯಾಪ್ಟನ್, ಮೇಜರ್, ಲೆಫ್ಟಿನೆಂಟ್ ಕರ್ನಲ್. ಅದಕ್ಕೆ ಮುಂಚೆ ಲೆಫ್ಟಿನೆಂಟ್ ಕರ್ನಲ್ ರ‍್ಯಾಂಕ್ ಟೈಮ್ ಸ್ಕೇಲಿನಲ್ಲಿ ಸಿಗಬೇಕಾದರೆ ಸುಮಾರು ಎರಡು ದಶಕ ಕಾಯಬೇಕಿತ್ತು. ಹಾಗಾಗಿ ತೊಂಬತ್ತರ ದಶಕದಲ್ಲಿ ಮೇಜರ್ ಆಗಿ ಮನೆಗೆ ಬಂದವರು ಇಂದಿಗೂ ಮೇಜರ್. ಅಷ್ಟೇ ವರ್ಷ ದುಡಿದು ಈಗ ಬರುವವರು ಲೆಫ್ಟಿನೆಂಟ್ ಕರ್ನಲ್. ಇಬ್ಬರ ಸೇವೆಯಲ್ಲಿ ವ್ಯತ್ಯಾಸವಿಲ್ಲ, ನಿಯಮ ಬದಲಾದ ದಿನಾಂಕದಲ್ಲಿದೆ.

ಕಮಾಂಡರ್ ಆದ ಮೇಲೆ ದಾರಿ ಕಿರಿದಾಗುತ್ತದೆ. ನೌಕಾಪಡೆಯ ನಾಲ್ಕು ಪಟ್ಟಿಯ ಕ್ಯಾಪ್ಟನ್ ಆಗಲು ಆಯ್ಕೆ ಮಂಡಳಿಯ ಮುಂದೆ ಹೆಸರು ಹೋಗಬೇಕು. ಭೂಸೇನೆಯಲ್ಲಿ ಕರ್ನಲ್ ಹುದ್ದೆಗೆ ಆಯ್ಕೆ ಮಾಡುವುದು 3ನೇ ನಂಬರಿನ ಮಂಡಳಿ, ಬ್ರಿಗೇಡಿಯರ್‌ಗೆ 2ನೆಯದು, ಮೇಜರ್ ಜನರಲ್‌ಗೆ 1ನೆಯದು. ಮಂಡಳಿಯ ಮುಂದಿರುವುದು ಮನುಷ್ಯನಲ್ಲ, ಕಡತ: ವಾರ್ಷಿಕ ಗೋಪ್ಯ ವರದಿಗಳು, ಮುನ್ನಡೆಸಿದ ಪಡೆ, ಮಾಡಿದ ಕೋರ್ಸು, ಪಡೆದ ಪದಕ. ಮೊದಲ ಸಲ ಆಗದಿದ್ದರೆ ಇನ್ನೆರಡು ಅವಕಾಶ. ಮೂರೂ ಮುಗಿದರೆ ಅಧಿಕಾರಿ ‘ಸೂಪರ್‌ಸೀಡ್’ ಆದ ಹಾಗೆ. ಹಾಗಾದವರು ತಮಗಿಂತ ಕಿರಿಯನಾಗಿದ್ದವನ ಕೈಕೆಳಗೆ ಕೆಲಸ ಮಾಡಿಕೊಂಡು ದಿನ ಕಳೆಯಬೇಕಾಗುತ್ತದೆ. ಸೇವೆ 26 ವರ್ಷ ತುಂಬಿದರೆ ಟೈಮ್ ಸ್ಕೇಲಿನಲ್ಲಿ ಕ್ಯಾಪ್ಟನ್ ಅಥವಾ ಕರ್ನಲ್ ಆಗುತ್ತಾರೆ. ಹೆಗಲ ಮೇಲಿನ ಗುರುತು ಅದೇ. ಆದರೆ ಹೆಸರಿನ ಮುಂದೆ ಆವರಣದಲ್ಲಿ ಬರುವ ‘ಟಿಎಸ್’ ಎಂಬ ಎರಡಕ್ಷರ ಏನನ್ನು ಹೇಳುತ್ತದೆಂದು ಮೆಸ್ಸಿನಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು.

ಇದರ ಜೊತೆಗೆ ವಯಸ್ಸಿನ ಗಡುವು. ಕರ್ನಲ್ 54ಕ್ಕೆ, ಬ್ರಿಗೇಡಿಯರ್ 56ಕ್ಕೆ, ಮೇಜರ್ ಜನರಲ್ ಮತ್ತು ರಿಯರ್ ಅಡ್ಮಿರಲ್ 58ಕ್ಕೆ, ಲೆಫ್ಟಿನೆಂಟ್ ಜನರಲ್ ಮತ್ತು ವೈಸ್ ಅಡ್ಮಿರಲ್ 60ಕ್ಕೆ ನಿವೃತ್ತಿ. ಮುಖ್ಯಸ್ಥರಿಗೆ 62 ಅಥವಾ 3 ವರ್ಷದ ಅವಧಿ, ಯಾವುದು ಮೊದಲೋ ಅದು. ಆಗ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಹುಟ್ಟಿದ್ದು 1950ರಲ್ಲೋ 1951ರಲ್ಲೋ ಎಂಬ ಪ್ರಶ್ನೆ 2012ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಇದೇ ಕಾರಣಕ್ಕೆ. ಒಂದು ವರ್ಷ ಆಚೀಚೆಯಾದರೆ ಅವರ ಹಿಂದೆ ಸಾಲಾಗಿ ನಿಂತವರಲ್ಲಿ ಯಾರು ಏನಾಗಿ ನಿವೃತ್ತರಾಗುತ್ತಾರೆ ಎಂಬುದೇ ಬದಲಾಗುತ್ತಿತ್ತು.

ತುತ್ತತುದಿಯ ಆಯ್ಕೆ ಸರ್ಕಾರದ್ದು. 2019ರ ಮಾರ್ಚಿನಲ್ಲಿ, ವಿಶಾಖಪಟ್ಟಣದಲ್ಲಿ ಪೂರ್ವ ಕಮಾಂಡ್ ನಡೆಸುತ್ತಿದ್ದ ವೈಸ್ ಅಡ್ಮಿರಲ್ ಕರಮ್‌ಬೀರ್ ಸಿಂಗ್ ಅವರನ್ನು ಮುಂದಿನ ನೌಕಾಪಡೆ ಮುಖ್ಯಸ್ಥರೆಂದು ಸರ್ಕಾರ ಪ್ರಕಟಿಸಿತು. ಸೇವಾ ಹಿರಿತನದಲ್ಲಿ ಮೇಲಿದ್ದವರು ಅಂಡಮಾನ್ ಕಮಾಂಡಿನ ವೈಸ್ ಅಡ್ಮಿರಲ್ ಬಿಮಲ್ ವರ್ಮಾ. ಅವರು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು. ಮೇ 31ರಂದು ಕರಮ್‌ಬೀರ್ ಸಿಂಗ್ ಅಧಿಕಾರ ವಹಿಸಿಕೊಂಡರು. ಹಿರಿತನವೊಂದನ್ನೇ ನೋಡಬೇಕೆಂದು ನಾನು ಹೇಳುವುದಿಲ್ಲ, ಅರ್ಹತೆ ನೋಡುವ ಹಕ್ಕು ಸರ್ಕಾರಕ್ಕೆ ಇರಲೇಬೇಕು. ಆದರೆ ನಾಲ್ಕು ದಶಕ ದುಡಿದವರಿಗೆ ಕಾರಣ ಕೇಳಲು ನ್ಯಾಯಮಂಡಳಿಯ ಬಾಗಿಲೇ ಗತಿ ಎಂಬುದು ನನಗೆ ಒಪ್ಪಿತವಲ್ಲ.

ವಿಶಾಖಪಟ್ಟಣದಿಂದ ರೈಲಿನಲ್ಲಿ ವಿಜಯವಾಡದ ಕಡೆ ಹೊರಟರೆ ತಾಡೇಪಲ್ಲಿಗೂಡೆಂ ಸಿಗುತ್ತದೆ. ಅದರ ಹತ್ತಿರ ಇರುವ ಮಾಧವರಂ ಗ್ರಾಮವನ್ನು ಜನ ಕರೆಯುವುದೇ ಮಿಲಿಟರಿ ಮಾಧವರಂ ಎಂದು. ಮೊದಲ ಮಹಾಯುದ್ಧದಿಂದಲೂ ಮನೆಮನೆಯಿಂದ ಸೈನಿಕರನ್ನು ಕಳಿಸಿದ ಊರು. ಇಂಥ ಊರುಗಳಲ್ಲಿ, ದಂಡುಪ್ರದೇಶವಿಲ್ಲದ ವಿಜಯವಾಡದಂಥ ನಗರದಲ್ಲಿ, ನಿವೃತ್ತಿಯ ರ‍್ಯಾಂಕ್ ಎಂದರೆ ಮನೆ ಬಾಗಿಲಿನ ಹೆಸರಿನ ಫಲಕವಷ್ಟೇ ಅಲ್ಲ. ಮಾಜಿ ಸೈನಿಕರ ಇಸಿಎಚ್‌ಎಸ್ ಕಾರ್ಡ್ ಹಿಡಿದು ಖಾಸಗಿ ಆಸ್ಪತ್ರೆಗೆ ಹೋದರೆ ಅಧಿಕಾರಿಗೆ ಪ್ರತ್ಯೇಕ ಕೋಣೆ, ನಾಯಬ್ ಸುಬೇದಾರ್ ಮತ್ತು ಅದರ ಮೇಲಿನ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ದರ್ಜೆಯವರಿಗೆ ಸೆಮಿ ಪ್ರೈವೇಟ್, ಅದಕ್ಕಿಂತ ಕೆಳಗಿನವರಿಗೆ ಜನರಲ್ ವಾರ್ಡ್. ಕಾಯಿಲೆ ಬಿದ್ದ ಮುದುಕನ ಹಾಸಿಗೆ ಎಲ್ಲಿ ಎಂಬುದನ್ನೂ ಅವನ ಕೊನೆಯ ರ‍್ಯಾಂಕೇ ಹೇಳುತ್ತದೆ.

ಪಿಂಚಣಿಯೂ ಹಾಗೆಯೇ. ಹಿಂದೆ ಒಂದು ರ‍್ಯಾಂಕಿನ ಪಿಂಚಣಿ ಸಿಗಲು ಆ ರ‍್ಯಾಂಕಿನಲ್ಲಿ ಕನಿಷ್ಠ 10 ತಿಂಗಳು ಇದ್ದಿರಬೇಕಿತ್ತು. ಒಂಬತ್ತನೇ ತಿಂಗಳಿಗೆ ವಯಸ್ಸು ಮುಗಿದವನು ಹೆಸರಿಗೆ ಬ್ರಿಗೇಡಿಯರ್, ಪಿಂಚಣಿಗೆ ಕರ್ನಲ್. ಆರನೇ ವೇತನ ಆಯೋಗದ ನಂತರ ಕೊನೆಯ ವೇತನದ ಅರ್ಧ ಎಂಬ ಸೂತ್ರ ಬಂದು ಆ ಕಷ್ಟ ತಪ್ಪಿತು. 2014ರ ಜುಲೈ 1ರಿಂದ ಅನ್ವಯವಾದ ‘ಸಮಾನ ರ‍್ಯಾಂಕ್, ಸಮಾನ ಪಿಂಚಣಿ’ ಯೋಜನೆಯಲ್ಲಿ ರ‍್ಯಾಂಕ್ ಮತ್ತು ಸೇವಾವಧಿ ಎರಡೂ ಒಂದೇ ಇದ್ದರೆ ಪಿಂಚಣಿಯೂ ಒಂದೇ. ಹಾಗಾಗಿ ಕೊನೆಯ ರ‍್ಯಾಂಕಿನ ತೂಕ ಇನ್ನಷ್ಟು ಹೆಚ್ಚಿತು.

ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಪಟ್ಟಿಗಳಲ್ಲಿ ಆಯ್ದ ಜೆಸಿಒಗಳಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ರ‍್ಯಾಂಕ್ ಸಿಗುತ್ತದೆ. ಹವಿಲ್ದಾರ್ ಆಗಿ ನಿವೃತ್ತನಾಗುವವನಿಗೆ ಗೌರವ ನಾಯಬ್ ಸುಬೇದಾರ್ ಪಟ್ಟ ಸಿಗಬಹುದು. ಊರಿಗೆ ಮರಳಿದವನನ್ನು ‘ಕ್ಯಾಪ್ಟನ್ ಗಾರು’ ಎಂದು ಕರೆದಾಗ ಅವನ ಮುಖದಲ್ಲಿ ಮೂಡುವ ಹೆಮ್ಮೆಗೆ ಸಂವಿಧಾನದ ಒಪ್ಪಿಗೆಯೂ ಇದೆ: ಬಿರುದುಗಳನ್ನೆಲ್ಲ ರದ್ದು ಮಾಡಿದ 18ನೇ ವಿಧಿ ಉಳಿಸಿಕೊಂಡದ್ದು ಸೇನೆಯ ಮತ್ತು ವಿದ್ಯೆಯ ಗೌರವಗಳನ್ನು ಮಾತ್ರ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಯಾವ ರ‍್ಯಾಂಕಿನಲ್ಲಿ ತೃಪ್ತಿಕರವಾಗಿ ಸೇವೆ ಸಲ್ಲಿಸಿದ್ದಾರೆ ಎಂದು ನೋಡಿ ನಿವೃತ್ತಿಯ ರ‍್ಯಾಂಕ್ ನಿಗದಿ ಮಾಡುತ್ತಾರೆ. ಸಾಲದೆನಿಸಿದರೆ ಇಳಿಸುವುದೂ ಉಂಟು. ಪರ್ಲ್ ಹಾರ್ಬರ್ ದಾಳಿಯ ವೇಳೆ ನಾಲ್ಕು ನಕ್ಷತ್ರದ ಅಡ್ಮಿರಲ್ ಆಗಿದ್ದ ಹಸ್ಬೆಂಡ್ ಕಿಮೆಲ್ ಎರಡು ನಕ್ಷತ್ರಕ್ಕೆ ಇಳಿದು 1942ರಲ್ಲಿ ನಿವೃತ್ತರಾದರು. ಅವರ ಹಳೆಯ ರ‍್ಯಾಂಕ್ ಮರಳಿಸಬೇಕೆಂದು 2000ದಲ್ಲಿ ಅಲ್ಲಿನ ಸಂಸತ್ತೇ ಕೋರಿದರೂ ಯಾವ ಅಧ್ಯಕ್ಷರೂ ಸಹಿ ಹಾಕಲಿಲ್ಲ.

ನಮ್ಮಲ್ಲಿ ನಿವೃತ್ತಿಯ ನಂತರ ರ‍್ಯಾಂಕ್ ಏರಿದ ಉದಾಹರಣೆಗಳಿವೆ. ಕೊಡಗಿನ ಕೆ.ಎಂ. ಕಾರ್ಯಪ್ಪ 1953ರ ಜನವರಿಯಲ್ಲಿ ಜನರಲ್ ಆಗಿ ನಿವೃತ್ತರಾದವರು. 33 ವರ್ಷದ ನಂತರ, 1986ರಲ್ಲಿ, ದೇಶ ಅವರನ್ನು ಫೀಲ್ಡ್ ಮಾರ್ಷಲ್ ಮಾಡಿತು. ಫೀಲ್ಡ್ ಮಾರ್ಷಲ್ ಆದವರಿಗೆ ನಿವೃತ್ತಿಯೇ ಇಲ್ಲ. 2021ರ ಮೇ ತಿಂಗಳಲ್ಲಿ ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತರಾದ ಅನಿಲ್ ಚೌಹಾಣ್, ಮರುವರ್ಷ ನಿಯಮ ತಿದ್ದುಪಡಿಯಾದ ಮೇಲೆ ಸೆಪ್ಟೆಂಬರಿನಲ್ಲಿ ಜನರಲ್ ಆಗಿ ಮೂರೂ ಸೇನಾ ಪಡೆಗಳ ಮುಖ್ಯಸ್ಥರ (ಸಿಡಿಎಸ್) ಹುದ್ದೆಗೆ ಬಂದರು. ಮನಸ್ಸು ಮಾಡಿದರೆ ಸರ್ಕಾರಕ್ಕೆ ದಾರಿ ಸಿಗುತ್ತದೆ.

ಮಹಿಳೆಯರಿಗೆ ಆ ದಾರಿ ತೆರೆಯಲು ಕೋರ್ಟೇ ಬೇಕಾಯಿತು. ಶಾರ್ಟ್ ಸರ್ವಿಸಿನ 14 ವರ್ಷ ಮುಗಿಸಿ, ಪಿಂಚಣಿಗೆ ಬೇಕಾದ 20 ವರ್ಷ ತುಂಬದೆ ಅವರು ಬರಿಗೈಯಲ್ಲಿ ಹೊರಬರುತ್ತಿದ್ದರು. ಕಮಾಂಡರ್ ಆಚೆಯ ಆಯ್ಕೆಯ ಮಾತೇ ಇರಲಿಲ್ಲ. ಆನಿ ನಾಗರಾಜ ಪ್ರಕರಣದಲ್ಲಿ 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟ್ ನೌಕಾಪಡೆಯ ಮಹಿಳೆಯರಿಗೂ ಕಾಯಂ ಕಮಿಷನ್ ಕೊಡಬೇಕೆಂದಿತು.

ಉಳಿದಿರುವುದು ಕಡತದ ಪ್ರಶ್ನೆ. ಸರ್ಕಾರಿ ನೌಕರನ ಗೋಪ್ಯ ವರದಿಯಲ್ಲಿ ಬರೆದದ್ದನ್ನೆಲ್ಲ ಅವನಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಹೇಳಿತು. ಆದರೆ ಅದೇ ತೀರ್ಪು ಸೇನಾಧಿಕಾರಿಗಳನ್ನು ಆ ನಿಯಮದಿಂದ ಹೊರಗಿಟ್ಟಿತು. ಮೂರನೇ ಅವಕಾಶದಲ್ಲೂ ಆಯ್ಕೆಯಾಗದ ಅಧಿಕಾರಿಗೆ ಬಡ್ತಿಯ ದಾರಿ ಹೇಗೂ ಮುಚ್ಚಿರುತ್ತದೆ; ಆ ಹೊತ್ತಿಗಾದರೂ ಮೇಲಿನವರು ಕೊಟ್ಟ ಎಲ್ಲ ಅಂಕಗಳನ್ನು ಅವನ ಮುಂದಿಟ್ಟರೆ ಯಾವ ಶಿಸ್ತೂ ಕೆಡುವುದಿಲ್ಲ. ಹಾಗೆ ಮಾಡಿದರೆ ವಿಶಾಖಪಟ್ಟಣದ, ವಿಜಯವಾಡದ ಅಧಿಕಾರಿ ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೂ ನಮ್ಮ ಕರ್ನಾಟಕದವನು ಕೊಚ್ಚಿ ಪೀಠಕ್ಕೂ ಅಲೆಯುವ ಮುನ್ನ, ತಾನು ಎಲ್ಲಿ ಹಿಂದೆ ಬಿದ್ದೆ ಎಂಬುದನ್ನು ಮನೆಯಲ್ಲೇ ಕೂತು ಓದಿಕೊಳ್ಳಬಹುದು.