ಕೈಕೆಲಸದ ಸಂತೆ

ನಮ್ಮಲ್ಲಿ ಬಹುಮಂದಿ ವಸ್ತುಪ್ರದರ್ಶನಕ್ಕೆ ಹೋಗುವುದು ದೀಪಾಲಂಕಾರವನ್ನು ನೋಡಿ, ಜನರ ನಡುವೆ ನಾಲ್ಕು ಹೆಜ್ಜೆ ತಿರುಗಾಡಿ ಬರುವುದಕ್ಕಾಗಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೈಕೆಲಸದ ಮಳಿಗೆಯೊಂದರ ಮುಂದೆ ನಿಂತು, ಬೆಲೆಯನ್ನು ವಿಚಾರಿಸಿ, “ಮರದ ತುಂಡಿಗೆ ಇಷ್ಟೇ?” ಎಂದು ಹಾಸ್ಯಮಾಡಿ ಮುಂದೆ ಸಾಗುವಾಗ, ಆ ಬೆಲೆಯೊಳಗೆ ಏನೇನು ಅಡಗಿದೆ ಎಂಬುದನ್ನು ನಾವು ಯೋಚಿಸುವುದಿಲ್ಲ.

ಚನ್ನಪಟ್ಟಣದ ಒಂದು ಬುಗುರಿಯನ್ನೇ ತೆಗೆದುಕೊಳ್ಳೋಣ. ಇದಕ್ಕೆ ಬೇಕಾದುದು ಆಲೆಮರ. ದಂತದಂತೆ ಬಿಳುಪಾದ, ನಯವಾದ, ಕಡೆಯಲು ಸುಲಭವಾದ ಮರವಿದು. ಹಸಿಯ ಮರವನ್ನು ಕಡೆದರೆ ಮುಂದೆ ಸೀಳುವುದು; ಆದುದರಿಂದ ಮೊದಲು ಅದನ್ನು ಚೆನ್ನಾಗಿ ಒಣಗಿಸಬೇಕು. ಬಳಿಕ ತುಂಡನ್ನು ಕಡಸಲು ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ರೂಪವನ್ನು ತೆಗೆಯುತ್ತಾರೆ. ಅದು ತಿರುಗುತ್ತಿರುವಂತೆಯೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಕಡೆಗೆ ಕೇದಗೆಯ ಗರಿಯನ್ನು ಒತ್ತಿದರೆ ಅರಗು ಸಮನಾಗಿ ಹರಡಿ ಹೊಳಪು ಬರುವುದು. ಒತ್ತಡ ಹೆಚ್ಚಾದರೂ ಕಡಿಮೆಯಾದರೂ ಕೆಲಸ ಕೆಟ್ಟಿತು. ಈ ಹದವನ್ನು ಯಾವ ಪುಸ್ತಕವೂ ಕಲಿಸಲಾರದು; ಕೈಯೇ ಕಲಿಯಬೇಕು.

ಕೊಳ್ಳುವವರು ಇದನ್ನು ಅರಿತಿದ್ದರೆ ಮೋಸಹೋಗುವುದು ಕಡಿಮೆ. ಅರಗಿನ ಬಣ್ಣವು ಆಟಿಕೆಯ ಸುತ್ತಲೂ ಬಳೆಯಂತೆ ಒಂದೇ ಸಮನಾಗಿ ಸುತ್ತಿರುವುದು. ಕುಂಚದ ಗೆರೆಯಾಗಲಿ, ಇಳಿದ ಬಣ್ಣದ ಹನಿಯಾಗಲಿ ಅಲ್ಲಿ ಕಾಣದು. ಚನ್ನಪಟ್ಟಣದ ಆಟಿಕೆಗಳಿಗೆ 2005-06ನೆಯ ಸಾಲಿನಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಬೇರೆಡೆಯ ಪದಾರ್ಥವನ್ನು ಆ ಊರಿನ ಹೆಸರಿನಲ್ಲಿ ಮಾರಬಾರದೆಂಬುದೇ ಇದರ ತಾತ್ಪರ್ಯ. ಆದರೆ ಕಾನೂನು ಎಷ್ಟೇ ಇದ್ದರೂ, ಕೊಳ್ಳುವವನ ಕಣ್ಣು ಪಳಗದಿದ್ದರೆ ಅದರಿಂದ ಪ್ರಯೋಜನ ಸ್ವಲ್ಪವೇ.

ಇನ್ನು ಮಾರುವವನ ಕಡೆಯಿಂದ ನೋಡೋಣ. ಅಂಗಡಿಗೆ ಸಾಮಾನನ್ನು ಒಪ್ಪಿಸಿದರೆ ನಡುವಿನವರ ಲಾಭವು ಬೆಲೆಯಲ್ಲಿ ಸೇರುವುದು; ಸಂತೆಯಲ್ಲಿ ತಾನೇ ಮಾರಿದರೆ ಆ ಪಾಲು ಕೆಲಸಗಾರನಿಗೆ ಉಳಿಯಬಹುದು. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷರಾಗಿ ಕುಶಲಕರ್ಮಿಗಳ ಏಳಿಗೆಗಾಗಿ ದುಡಿದರು. 1987ರಲ್ಲಿ ಆರಂಭವಾದ ಸೂರಜ್‌ಕುಂಡದ ಮೇಳವೂ, 1994ರಲ್ಲಿ ತೆರೆದ ದಿಲ್ಲಿ ಹಾಟ್ ಎಂಬ ಸಂತೆಯೂ ಕುಶಲಕರ್ಮಿಯನ್ನು ಗಿರಾಕಿಯ ಎದುರಿಗೇ ಕೂರಿಸಿದುವು. ಆದರೂ ಸಂತೆಯ ಲಾಭವೆಲ್ಲ ಕೈಗೆ ಬರುವುದೆಂದು ಭಾವಿಸಬಾರದು. ಸಾಗಣೆಯ ವೆಚ್ಚವಿದೆ, ಊಟ ವಸತಿಯ ಖರ್ಚಿದೆ. ಮಳಿಗೆಯಲ್ಲಿ ಕುಳಿತಷ್ಟು ದಿನ ಊರಿನಲ್ಲಿ ಕಡಸಲು ಯಂತ್ರ ನಿಂತಿರುವುದು. ಮಾರಾಟವಾಗದೆ ಉಳಿದುದನ್ನು ಮತ್ತೆ ಹೊತ್ತು ಹಿಂದಿರುಗಬೇಕು.

ಹೀಗಿರುವಲ್ಲಿ ನಾವು ಚೌಕಾಸಿಮಾಡಿ ಉಳಿಸುವ ಹತ್ತಿಪ್ಪತ್ತು ರೂಪಾಯಿ ನಮಗೆ ಗೆಲುವೆಂದು ತೋರಬಹುದು. ಅವನಿಗೆ ಅದು ಆ ದಿನದ ಕೂಲಿಯ ಒಂದು ಭಾಗ. ಬೆಲೆ ಹೆಚ್ಚೆನಿಸಿದರೆ ಕೊಳ್ಳದಿರುವ ಸ್ವಾತಂತ್ರ್ಯ ನಮಗೆ ಇದ್ದೇ ಇದೆ. ಕೊಳ್ಳುವುದಾದರೆ ನ್ಯಾಯವಾದ ಬೆಲೆಯನ್ನು ಕೊಟ್ಟು, “ಇದನ್ನು ಹೇಗೆ ಮಾಡಿದಿರಿ?” ಎಂದು ಒಂದು ಮಾತು ಕೇಳೋಣ. ಕೇಳಿದವನಿಗೆ ತಿಳಿವಳಿಕೆ, ಹೇಳಿದವನಿಗೆ ಗೌರವ.

ತಂದೆಯ ಕಸಬನ್ನು ಮಗನು ಹಿಡಿಯುವುದೂ ಬಿಡುವುದೂ ಬಹುಮಟ್ಟಿಗೆ ಆ ಕಸಬಿನಿಂದ ಹೊಟ್ಟೆ ತುಂಬುವುದೇ ಎಂಬುದನ್ನು ಅವಲಂಬಿಸಿದೆ. ಕಲೆ ಉಳಿಯಲೆಂದು ಬರಿಯ ಮಾತಿನಲ್ಲಿ ಹಾರೈಸುವುದಕ್ಕಿಂತ, ಒಂದು ಬುಗುರಿಯನ್ನು ಕೊಂಡು ಮನೆಯ ಮಗುವಿನ ಕೈಗೆ ಕೊಡುವುದು ಮೇಲು. ಅದು ಅಂಗಳದಲ್ಲಿ ತಿರುಗುವಷ್ಟು ಕಾಲ ಚನ್ನಪಟ್ಟಣದ ಕಡಸಲೂ ತಿರುಗುತ್ತಿರುವುದು.